ಸೈಕಲ್ಲಿಗೆ ಉಡಿ ತುಂಬಿದ ವರ್ಷ

ನಿನ್ನೆ ಬೆಳಿಗ್ಗೆ ನಮ್ಮ ಪವಿ ಸೈಕಲ್ಲನ್ನು ಅಂಗಳದ ಗೋಡೆಗೆ ಆನಿಸಿ, ಹ್ಯಾಂಡಲ್ಲಿಗೆ ಸುತ್ತಿದ ಹಳೆಯ ಪಟ್ಟಿ ಬಿಚ್ಚಲು ಕೂತಳು. ಬೆವರು ಕುಡಿದು ಕುಡಿದು ಕರ್ರಗಾಗಿದ್ದ ಪಟ್ಟಿ. ಒಂದು ಸುತ್ತು ಬಿಚ್ಚಿದಳೋ ಇಲ್ಲವೋ, ಅದರ ಅಡಿಯಿಂದ ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಬಂತು. ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ನಾನು ಮೊರ ಸಮೇತ ಎದ್ದು ನಿಂತುಬಿಟ್ಟೆ. ನನ್ನ ಮಗ ವೀರೇಶನ ಮೈವಾಸನೆ ಅದು. ಸೈಕಲ್ ರಿಪೇರಿ ಮಾಡುತ್ತಿದ್ದವನ ಅಂಗಿ, ಕೂದಲು, ಉಗುರು ಎಲ್ಲ ಹಾಗೆಯೇ ನಾರುತ್ತಿದ್ದವು. ಎಷ್ಟು ಸೋಪು ಹಚ್ಚಿ ಒಗೆದರೂ ಹೋಗದ ಆ ವಾಸನೆ ಅವನು ಹೋದ ಮೇಲೆ ತಾನೇ ಹೋಗಿತ್ತು. ಈಗ ನೋಡಿದರೆ ಈ ಪಟ್ಟಿಯ ಅಡಿಯಲ್ಲಿ ಕೂತಿದೆ!

ಪವಿತ್ರಾ ನನ್ನ ಮೊಮ್ಮಗಳು, ವೀರೇಶನ ಒಬ್ಬಳೇ ಮಗಳು. ನಮ್ಮ ರಾಜ್ಯದ ಪರವಾಗಿ ಸೈಕಲ್ ಓಡಿಸಲು ಅವಳನ್ನು ಆರಿಸಿದ್ದಾರೆ. ಈ ಮಾತನ್ನು ನಾನು ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಯಾರಿಗೂ ಹೇಳದೆ ಬಿಟ್ಟಿಲ್ಲ. ತರಕಾರಿ ಬಂಡಿಯವನಿಗೂ ಹೇಳಿದೆ. ಅವನು ತನ್ನ ತೆಲುಗಿನಲ್ಲಿ "ಮಂಚಿದಮ್ಮಾ", ಒಳ್ಳೇದಮ್ಮಾ, ಅಂತ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದ. ನಾನು ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವಳು. ಜೀನ್ಸ್ ಪ್ಯಾಂಟುಗಳ ಬಿಡಿದಾರ ಕತ್ತರಿಸುತ್ತ ಕಣ್ಣು ಸವೆಸಿದವಳು. ಹಿಗ್ಗು ಹೆಚ್ಚಾದಾಗ ಏನು ಮಾಡಬೇಕೆಂದು ನನಗೆ ಗೊತ್ತಾಗುವುದಿಲ್ಲ. ಎರಡು ದಿನದಿಂದ ನಗಲು ಬಾಯಿ ತೆರೆದರೆ ಕಣ್ಣಲ್ಲಿ ನೀರು ಬರುತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಈ ಸೈಕಲ್ಲಿಗೆ ಕೊಂಬು ಬಂದ ವರ್ಷದ ಮಾತು ಇದು.

ಆ ವರ್ಷ ಮುಂಗಾರು ಬಳ್ಳಾರಿಗೆ ಬರೀ ಗಾಳಿಯಾಗಿ ಬಂತು. ಮೋಡ ಕೋಟೆಗುಡ್ಡದ ನೆತ್ತಿಯ ತನಕ ಬಂದು, ಕೆಂಪು ಧೂಳು ಎಬ್ಬಿಸಿ, ಹಾಗೇ ಹೊರಟುಹೋಗುತ್ತಿತ್ತು. ಮನೆಯ ಮುಂದಿನ ಕೋಣೆಯೇ ವೀರೇಶನ ಅಂಗಡಿ. ಸಾಲಿ ಹುಡುಗರ ಸೈಕಲ್ಲು, ಹಾಲಿನವರ ಸೈಕಲ್ಲು, ಆಮೇಲೆ ಗೇರಿನ ಸೈಕಲ್ಲುಗಳೂ ಬರತೊಡಗಿದ್ದವು. ಒಂದು ದಿನ ಟ್ಯೂಬಿನ ವಾಲ್ವಿಗೆ ಮುಚ್ಚಳ ತಿರುವಲು ಹೋದವನು ಕೈಬಿಟ್ಟು ಸುಮ್ಮನೆ ತನ್ನ ಹೆಬ್ಬೆರಳನ್ನೇ ನೋಡುತ್ತ ಕೂತ. ಯಾರದೋ ಬೆರಳು ತನ್ನ ಕೈಗೆ ಅಂಟಿದೆಯೇನೋ ಎನ್ನುವಂತೆ.

"ಏನಾತೋ?" ಎಂದೆ.

"ಏನಿಲ್ಲವ್ವಾ. ನಾ ಹೇಳಿದ್ದು ಇದಕ ಕೇಳಸವಲ್ದು."

ನಾವು ನಕ್ಕೆವು. ಆಮೇಲೆ ಸ್ಪೋಕಿನ ಕೀಲಿ ಬಿತ್ತು, ಚಹಾದ ಲೋಟ ಬಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯತೊಡಗಿದಾಗ ನಗು ನಿಂತಿತು. ಊರಿನ ದವಾಖಾನೆಯವರು ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಅಲ್ಲಿಯ ಡಾಕ್ಟರು ಒಳ್ಳೆಯವರು, ಪಾಪ, ಕೂರಿಸಿ ಹೇಳಿದರು. ಇದು ನರದ ರೋಗ, ಕೈಯಿಂದ ಶುರುವಾಗಿದೆ, ಒಂದೊಂದೇ ಕಡೆ ಶಕ್ತಿ ಇಳಿಯುತ್ತ ಹೋಗುತ್ತದೆ, ಮಾತೂ ಹೋಗಬಹುದು, ವಾಸಿ ಮಾಡುವ ಔಷಧ ಇನ್ನೂ ಇಲ್ಲ ಎಂದು. ವೀರೇಶ ಒಂದೇ ಮಾತು ಕೇಳಿದ.

"ಕೈ ಇನ್ನ ಎಷ್ಟ ದಿವಸ ಇರ್ತಾವ್ರಿ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಅವನಿಗೆ ಕೈ ಯಾಕೆ ಬೇಕಿತ್ತೆಂದು ಹೇಳುತ್ತೇನೆ. ಪವಿ ಆಗ ಪಿಯುಸಿ. ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ಹಿಡಿದು ನೋಡುವ ಸೈಕಲ್ ಓಟವಿದೆಯಲ್ಲ, ಅದರಲ್ಲಿ ಅವಳ ಕಾಲು ಚುರುಕು. ಕಲಿಸುವ ಸರ್ ಒಂದು ಜೊತೆ ಹಳೆಯ ಏರೋಬಾರ್ ಕೊಡಿಸಿದ್ದರು. ಹ್ಯಾಂಡಲ್ಲಿನ ನಡುವಿನಿಂದ ಮುಂದಕ್ಕೆ ಚಾಚಿದ ಎರಡು ಕೊಳವೆ, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಬಾಗಿದ್ದು. ಮೊಳಕೈ ಊರಲು ಎರಡು ಮೆತ್ತೆ. ಅದರ ಮೇಲೆ ಬೋರಲು ಬಿದ್ದು, ಎರಡೂ ಕೈ ಮುಂದೆ ಚಾಚಿ ಹೋಗಬೇಕು.

"ಇದೇನ ಪವೀ, ಎತ್ತಿನ ಕೊಂಬು ತಂದು ಬಡಿದೀ?" ಎಂದರೆ, "ಗಾಳಿ ಸೀಳಾಕ ಅಜ್ಜೀ" ಎಂದಳು.

ಗಾಳಿ ಸೀಳಿತು, ನಿಜ. ಆದರೆ ಗೇರಿನ ಲಿವರು ಇದ್ದದ್ದು ಕೆಳಗೆ, ಸೈಕಲ್ಲಿನ ಓರೆ ಕೊಳವೆಯ ಮೇಲೆ. ಗೇರು ಬದಲಿಸಬೇಕೆಂದರೆ ಕೊಂಬಿನಿಂದ ಕೈ ತೆಗೆದು ಕೆಳಗೆ ಬಗ್ಗಬೇಕು. ಸಿರುಗುಪ್ಪದ ರಸ್ತೆಯಲ್ಲಿ ತೆಕ್ಕಲಕೋಟೆ ದಾಟಿದರೆ ಎರಡೂ ಕಡೆ ಗದ್ದೆ, ಗಾಳಿಗೆ ಅಡ್ಡ ಒಂದು ಗಿಡವಿಲ್ಲ. ಒಂದು ದಿನ ಅಲ್ಲಿ ಕೈ ತೆಗೆದ ಗಳಿಗೆಯಲ್ಲೇ ಗಾಳಿ ನೂಕಿತು. ಹುಡುಗಿ ಸೈಕಲ್ ಸಮೇತ ಗದ್ದೆಗೆ ಇಳಿದಳು. ಸೊಂಟದ ತನಕ ಕೆಸರು ಮೆತ್ತಿಕೊಂಡು ಮನೆಗೆ ಬಂದವಳನ್ನು ನೋಡಿ ಅವರಪ್ಪ, "ಯಾರ ಹೊಲದಾಗ ನಾಟಿ ಮಾಡಿ ಬಂದೆವ್ವಾ? ಕೂಲಿ ಕೊಟ್ರೇನು?" ಎಂದ. ಅವಳು ನಕ್ಕಳು. ಅವನು ನಗಲಿಲ್ಲ. ಸೈಕಲ್ಲಿನ ಮುಂದೆ ಕೂತು ಕೊಂಬುಗಳನ್ನೇ ನೋಡುತ್ತಿದ್ದ.

ಗೇರಿನ ಲಿವರುಗಳನ್ನು ಆ ಕೊಂಬಿನ ತುದಿಗೇ ಕೂರಿಸಬಹುದಂತೆ. ಆಗ ಕೈ ಎತ್ತುವ ಹಾಗೇ ಇಲ್ಲ, ಬೆರಳು ಅಲ್ಲಾಡಿಸಿದರೆ ಸಾಕು. ಯಾರೋ ಹಳೆಯ ಓಟಗಾರ ಬಿಚ್ಚಿಟ್ಟಿದ್ದ ಅಂಥ ಒಂದು ಜೊತೆ ಲಿವರು ಸರ್ ಕಡೆಯಿಂದಲೇ ಬಂತು. ಜಿಲ್ಲೆಯ ತಂಡದ ಆಯ್ಕೆಯ ಓಟ ದಸರೆ ಮುಗಿದ ಮೇಲೆ, ಅದೇ ಸಿರುಗುಪ್ಪದ ರಸ್ತೆಯಲ್ಲಿ. ಅಷ್ಟರೊಳಗೆ ಕೊಳವೆಯೊಳಗೆ ವೈರು ತೂರಿಸಿ, ಹಿಂದಿನ ಗಾಲಿಯ ತನಕ ಒಯ್ದು ಕಟ್ಟಬೇಕು. ಅದೊಂದು ಕೆಲಸ ತನ್ನ ಕೈಯಲ್ಲೇ ಆಗಬೇಕೆಂದು ವೀರೇಶ ಹಟ ಹಿಡಿದ. ಲಿವರಿನ ಡಬ್ಬಿಯನ್ನು ದಿನಾ ತೊಡೆಯ ಮೇಲೆ ಇಟ್ಟುಕೊಳ್ಳುವುದು, ಸಣ್ಣ ಕೀಲಿ ಹಿಡಿಯಲು ನೋಡುವುದು, ಅದು ಜಾರಿ ಬೀಳುವುದು. ಭಾದ್ರಪದ ಹೀಗೇ ಕಳೆಯಿತು.

ಪವಿಗೆ ತಡೆಯಲಾಗಲಿಲ್ಲ. "ಅಪ್ಪಾ, ಊರಾಗ ದೊಡ್ಡ ಅಂಗಡಿ ಐತಲ್ಲ, ಅಲ್ಲಿ ಕೊಟ್ಟು ಬರ್ತೀನಿ. ಒಂದ ದಿವಸದಾಗ ಮಾಡಿ ಕೊಡ್ತಾರ."

"ನನ್ನ ಮಗಳ ಸೈಕಲ್ಲಿಗೆ ಇನ್ನೊಬ್ರು ಕೈ ಹಚ್ಚೂದು ಬ್ಯಾಡ."

"ನಿನಗ ಒಂದ ಸ್ಕ್ರೂ ಹಿಡಿಯಾಕ ಬರವಲ್ದಲ್ಲಪ್ಪಾ!"

ಹೇಳಿದ ಮೇಲೆ ಅವಳೇ ಬಾಯಿ ಮುಚ್ಚಿಕೊಂಡಳು. ಒಲೆಯ ಮುಂದಿದ್ದ ನನ್ನ ಸೊಸೆ ಹಂಪಮ್ಮ, ಪವಿಯ ತಾಯಿ, ರೊಟ್ಟಿ ಬಡಿಯುವುದು ನಿಲ್ಲಿಸಿದಳು. ಆ ರೊಟ್ಟಿ ಹಂಚಿನ ಮೇಲೆ ಹೊತ್ತಿತು. ಯಾರೂ ತೆಗೆಯಲಿಲ್ಲ.

ಮರುದಿನ ಪವಿ ಕಾಲೇಜಿಗೆ ಹೋಗಲಿಲ್ಲ. ಸಾಮಾನಿನ ಚೀಲ ತಂದು ಅಪ್ಪನ ಕಾಲ ಬಳಿ ಸುರಿದು ಕೂತಳು. "ಹೇಳು. ನೀ ಹೇಳ್ದಂಗ ಮಾಡ್ತೀನಿ. ಕೈ ಅಷ್ಟ ನಂದು. ಕೆಲಸ ನಿಂದು."

ವೀರೇಶ ತೊಡೆಯ ಮೇಲಿನ ಲಿವರಿನ ಡಬ್ಬಿಯನ್ನು ಅವಳ ಕಡೆ ನೂಕಿದ. ಆಮೇಲೆ, "ಆಯ್ತು. ಆದ್ರ ಕಟ್ಟಕಡೀಕ ಟೋಪಿ ನಾನ ಒತ್ತಾಂವ" ಎಂದ.

ಟೋಪಿ ಎಂದರೆ, ವೈರಿನ ತುದಿ ಬಿಚ್ಚಿ ಹರಡಬಾರದೆಂದು ಹಾಕುವ ಗೋಧಿ ಕಾಳಿನಷ್ಟು ಲೋಹದ ಮುಚ್ಚಳ. ಪಕ್ಕಡಿನಿಂದ, ಅಂದರೆ ಇಕ್ಕಳದಿಂದ, ಒತ್ತಿ ಕೂರಿಸುತ್ತಾರೆ. ಅದು ಬಿತ್ತೆಂದರೆ ಕೆಲಸ ಮುಗಿಯಿತು. ಒಳ್ಳೆಯ ಕೈ ಇದ್ದವರಿಗೆ ಅದು ಕೆಲಸವೇ ಅಲ್ಲ. ಅವನಿಗೆ ಅಷ್ಟಾದರೂ ಉಳಿದೀತೇ ಎಂಬುದೇ ಆ ದಿನಗಳಲ್ಲಿ ನಮ್ಮ ಮನೆಯ ಉಸಿರಾಗಿತ್ತು.

ಮಹಾನವಮಿ ಬಂತು. ಅಂಗಡಿಯ ಪಕ್ಕಡು, ಪಾನೆ, ಪಂಪು ಎಲ್ಲ ತೊಳೆದು ಸಾಲಾಗಿ ಇಟ್ಟೆವು. ನಡುವೆ ಪವಿಯ ಸೈಕಲ್ಲು. ಕೊಂಬಿನ ತುದಿಯ ರಬ್ಬರು ಬಿರಡೆ ಕಿತ್ತಿದ್ದರು. ಎರಡು ಕೊಳವೆಗಳೂ ಬಾಯಿ ತೆರೆದುಕೊಂಡು ನಿಂತಿದ್ದವು. ಮರುದಿನ ಪವಿ ಸಿರುಗುಪ್ಪಕ್ಕೆ ಸೋದರಮಾವನ ಮನೆಗೆ ಹೊರಡುವವಳು, ಓಟದ ತನಕ ಅಲ್ಲೇ ಅಭ್ಯಾಸ. ಹೆಣ್ಣುಮಕ್ಕಳು ಮನೆ ಬಿಟ್ಟು ಹೊರಡುವಾಗ ಉಡಿ ತುಂಬುತ್ತೇವೆ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಬಾಳೆಹಣ್ಣು ಹಾಕಿ ಕಳಿಸುವುದು. ಮದುವೆಯಾಗದ ಹುಡುಗಿಗೆ ಎಲ್ಲರೂ ತುಂಬುವುದಿಲ್ಲ. ಹಂಪಮ್ಮ ಮಾತ್ರ ಕೇಳಲಿಲ್ಲ. "ಇಕೀ ಹೊಂಟಿದ್ದು ಯುದ್ಧಕ್ಕ. ಬರೀ ಉಡೀಲೆ ಹೆಂಗ ಕಳಸ್ಲಿ ಅತ್ತೀ?" ಎಂದಳು. ತುಂಬುವವರು ಮುತ್ತೈದೆಯರೇ ಆಗಬೇಕು. ನಾನು ಗಂಡನನ್ನು ಕಳಕೊಂಡು ವರ್ಷಗಳಾಗಿದ್ದವು. ಪದ್ಧತಿಯಂತೆ ಬಾಗಿಲ ಹಿಂದೆ ಸರಿದು ನಿಂತು ಸಂದಿನಿಂದ ನೋಡಿದೆ.

ಪವಿಗೆ ಸೆರಗೆಲ್ಲಿ? ಓಟದ ಬಿಗಿ ಅಂಗಿ ತೊಟ್ಟು ನಿಂತಿದ್ದಳು. ಹಂಪಮ್ಮ ಅಕ್ಕಿ ಹಿಡಿದು ಅತ್ತಿತ್ತ ನೋಡಿದಳು. ಆಗ ಪವಿ ಗರ್ರನೆ ತಿರುಗಿ ಬೆನ್ನು ಕೊಟ್ಟಳು. ಆ ಅಂಗಿಯ ಬೆನ್ನಿಗೆ, ಸೊಂಟದ ಮೇಲೆ, ಮೂರು ಜೇಬು.

"ನಿನ್ನ ಉಡಿ ಹಿಂದ ಐತೇನ್ಲೇ!" ಎಂದು ಹಂಪಮ್ಮ ನಗುತ್ತ ಒಂದರಲ್ಲಿ ಅಕ್ಕಿ, ಒಂದರಲ್ಲಿ ಕೊಬ್ಬರಿ, ಒಂದರಲ್ಲಿ ಬಾಳೆಹಣ್ಣು ಉತ್ತತ್ತಿ ತುಂಬಿದಳು. ಹುಡುಗಿ ಗೂನುಬೆನ್ನಿನ ಮುದುಕಿಯಂತೆ ಕಂಡಳು. ಅಷ್ಟಕ್ಕೇ ನಿಂತಿದ್ದರೆ ಚೆಂದಿತ್ತು. ಕೈಯಲ್ಲಿ ಇನ್ನೂ ಒಂದಿಷ್ಟು ಅಕ್ಕಿ ಉಳಿದಿತ್ತು; ತವರಿನ ಅಕ್ಕಿ, ಸಿರುಗುಪ್ಪದ ಗದ್ದೆಯದು. "ಜೋಡೀಲೆ ಹೋಗಾಕಿ ಇಕೀನೂ ಅಲ್ಲೇನು" ಎಂದು ಸೈಕಲ್ಲಿನ ಕಡೆ ತಿರುಗಿ, ಬಾಯಿ ತೆರೆದ ಆ ಎರಡೂ ಕೊಳವೆಗಳಿಗೆ ಭಕ್ತಿಯಿಂದ ಅಕ್ಕಿ ಸುರಿದುಬಿಟ್ಟಳು. ಸಳಸಳ ಎಂದು ಒಳಗೆ ಇಳಿದವು ಕಾಳುಗಳು.

"ಅವ್ವಾ!" ಪವಿ ಚೀರಿದಳು. "ವೈರು ಹೋಗೋ ದಾರೀಗೆ ಅಕ್ಕಿ ಸುರಿದೆಲ್ಲವ್ವಾ!"

ಹಂಪಮ್ಮನ ಮುಖ ಸಣ್ಣದಾಯಿತು. ಕುರ್ಚಿಯಲ್ಲಿದ್ದ ವೀರೇಶ ಮಾತ್ರ ಏನೂ ಆಗದವನಂತೆ, "ಹಸಿದಿತ್ತಲೇ ಅದು, ಬಾಯಿ ತಕ್ಕೊಂಡು ನಿಂತಿತ್ತು. ಪಂಪು ತರ್ರಿ" ಎಂದ.

ಆ ಮಧ್ಯಾಹ್ನದ ಕೆಲಸ ನನ್ನ ಕಣ್ಣಿಗೆ ಕಟ್ಟಿದೆ. ಕೊಳವೆ ಬಾಗಿದ್ದರಿಂದ ವೈರಿನ ಹೊರಕವಚ, ಅದಕ್ಕೆ ಅವರು ಔಟರ್ ಎನ್ನುತ್ತಾರೆ, ನೇರ ತೂರಿಸಿದರೆ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಮೊದಲು ದಾರ ದಾಟಿಸಬೇಕು, ಆಮೇಲೆ ದಾರಕ್ಕೆ ಔಟರ್ ಕಟ್ಟಿ ಎಳೆಯಬೇಕು. ಲಂಗಕ್ಕೆ ಲಾಡಿ ಹಾಕಿದವರಿಗೆಲ್ಲ ಗೊತ್ತಿರುವ ಸಂಗತಿ. ದಾರ ನನ್ನದೇ, ಜೀನ್ಸ್ ಹೊಲಿಯುವ ದಪ್ಪನೆಯ ಹಳದಿ ದಾರ. ಅದರ ತುದಿಗೆ ಚೂರು ಹತ್ತಿ ಕಟ್ಟಿ, ಕೊಳವೆಯ ಮುಂದಿನ ಬಾಯಲ್ಲಿ ಇಟ್ಟು, ಪಂಪಿನ ಪೈಪು ಚುಚ್ಚಿ, ಸುತ್ತ ಬಟ್ಟೆ ಒತ್ತಿ ಹಿಡಿದಳು ಪವಿ. ಗಾಳಿ ಹೊಡೆದರೆ ಹತ್ತಿ ದಾರವನ್ನು ಎಳೆದುಕೊಂಡು ಆ ಕಡೆ ಹೋಗುತ್ತದೆಂದು ವೀರೇಶನ ಲೆಕ್ಕ. ಅದು ಸರಿಯಾಗಿ ಬರುತ್ತದೋ ನೋಡುತ್ತೇನೆಂದು ಅವನು ಕುರ್ಚಿಯನ್ನು ಸೈಕಲ್ಲಿನ ಹತ್ತಿರ ಎಳೆಸಿಕೊಂಡು, ಕೊಳವೆಯ ಹಿಂದಿನ ಬಾಯಿಗೆ ಮುಖ ಕೊಟ್ಟು ಕೂತ.

"ಹೊಡೀ ಅವ್ವಾ" ಎಂದ ನನಗೆ.

ನಾನು ಸೆರಗು ಸಿಕ್ಕಿಸಿ ಪಂಪಿನ ಮೇಲೆ ಬಿದ್ದೆ. ಒಂದು ಸಲ ಹೊಡೆದೆ, ಏನಿಲ್ಲ. ಇನ್ನೊಂದು. "ಜೋಳದ ರೊಟ್ಟಿ ತಿಂದ ಕೈಯೇನಬೇ ಅದು! ಹೊಡೀ!" ಎಂದ. ಇದ್ದಬದ್ದ ಜೀವವೆಲ್ಲ ಹಾಕಿ ಹೊಡೆದೆ ನೋಡಿ, ಹತ್ತಿಯ ಮುಂದೆ ಮುಂದೆ ಅಕ್ಕಿ, ಅಕ್ಕಿಯ ಹಿಂದೆ ದಾರ, ಪಟಪಟ ಪಟಪಟ ಎಂದು ಹಾರಿ ಅವನ ಮುಖ, ತಲೆ, ಹೆಗಲು ಎಲ್ಲ ಅಕ್ಕಿ! ಹುಬ್ಬಿನ ಮೇಲೆ ಎರಡು ಕಾಳು ಕೂತವು. ಒರೆಸಿಕೊಳ್ಳಲು ಕೈ ಮೇಲೆ ಬರಲಿಲ್ಲ. ಹಾಗೇ ಕೂತು, ಮೊದಲು ಭುಜ ಅಲ್ಲಾಡಿ, ಆಮೇಲೆ ಹೊಟ್ಟೆ ಅಲ್ಲಾಡಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಹಂಪೀ, ಇನ್ನೊಂದು ಮದುವಿ ಆತಲ್ಲ ನಂದು! ಅಕ್ಷತಿ ಬಿತ್ತು ನೋಡು!"

"ಆಗ್ರಿ, ಆಗ್ರಿ" ಎಂದು ಹಂಪಮ್ಮ ಅವನ ತಲೆಯಿಂದ ಒಂದೊಂದೇ ಕಾಳು ಆರಿಸಿದಳು. "ಹೆಣ್ಣು ಕೊಡಾಕ ಸಿರುಗುಪ್ಪದಾಗ ನಮ್ಮಪ್ಪನಂಥ ಹುಚ್ಚಪ್ಪ ಇನ್ನೊಬ್ಬ ಇಲ್ಲ." ಪವಿ ನೆಲದ ಮೇಲೆ ಬಿದ್ದು ಉರುಳಾಡಿ ನಕ್ಕಳು. ನನ್ನ ಮಗ ಬಾಯಿತುಂಬ ನಕ್ಕಿದ್ದು ಅದೇ ಕಡೆಯದು. ಆಮೇಲೆ ನಗುವ ಶಕ್ತಿಯೂ ಇಳಿಯಿತು.

ದಾರ ದಾಟಿತು, ದಾರದ ಹಿಂದೆ ಔಟರ್ ಬಂತು. ಕತ್ತರಿಸಲು ಹೋದ ಪವಿಯನ್ನು ತಡೆದ. "ಹ್ಯಾಂಡಲ್ಲು ನೆಟ್ಟಗ ಇಟ್ಟು ಅಳೀಬ್ಯಾಡ. ಪೂರಾ ಎಡಕ ತಿರುವು. ಈಗ ಬಲಕ. ಎಳದಂಗ ಆತಿಲ್ಲ? ಅಷ್ಟು ಬಿಡು." ಕೂತಾಗ ಪ್ಯಾಂಟು ಹರಿಯದಂತೆ ಬಟ್ಟೆ ಬಿಟ್ಟು ಹೊಲಿಯುವುದಿಲ್ಲವೇ, ಹಾಗೆ. ಲಿವರಿನ ಬುಡವನ್ನು ಕೊಳವೆಯ ಬಾಯಿಗೆ ತುರುಕಿ ಕೀಲಿ ತಿರುವಿದರೆ ಅದು ಒಳಗೇ ಹಿಗ್ಗಿ ಹಿಡಿದುಕೊಂಡಿತು. ಲಿವರಿನಿಂದ ಒಳವೈರು ಹೊರಟು, ಕೊಳವೆ ದಾಟಿ, ಹ್ಯಾಂಡಲ್ಲು ದಾಟಿ, ಸೈಕಲ್ಲಿನ ಹೊಟ್ಟೆಯ ಕೆಳಗೆ ಹರಿದು ಹಿಂದಿನ ಗಾಲಿ ಮುಟ್ಟಿತು. ಅವನು ಹೇಳುತ್ತಿದ್ದ, ಅವಳು ಮಾಡುತ್ತಿದ್ದಳು. ಬರಬರುತ್ತ ಅವನು ಹೇಳುವ ಮೊದಲೇ ಅವಳ ಕೈ ಅಲ್ಲಿಗೆ ಹೋಗತೊಡಗಿತು. ಅವನು ಮಾತು ಅರ್ಧಕ್ಕೇ ಬಿಟ್ಟು ಸುಮ್ಮನೆ ನೋಡಿದ.

ಹ್ಯಾಂಡಲ್ಲು ಅಲುಗಿಸಿದಾಗ ಬಲಗಡೆಯ ಕೊಳವೆಯಲ್ಲಿ ಕಿಲ್ ಎಂದಿತು. ಒಂದು ಕಾಳು ಎಲ್ಲೋ ಒಳಗೇ ಉಳಿದಿತ್ತು.

"ಮತ್ತ ಬಿಚ್ಚಬೇಕೇನಪ್ಪಾ?" ಪವಿ ಅಳುಮೋರೆ ಮಾಡಿದಳು.

"ವೈರು ಆಡ್ತೈತಿಲ್ಲ? ಇರ್ಲಿ ಬಿಡು. ನಿಮ್ಮವ್ವನ ಉಡಿ ಅಕ್ಕಿ. ಒಬ್ಬಾಕೀನ ಹೊಕ್ಕೀಯಲ್ಲ, ಮಾತಾಡಾಕ ಒಂದು ಇರ್ಲಿ."

ಕಡೆಗೆ ಟೋಪಿ. ಪವಿ ವೈರಿನ ತುದಿಗೆ ಅದನ್ನು ಏರಿಸಿ, ಪಕ್ಕಡು ಅಪ್ಪನ ಕೈಗೆ ಕೊಟ್ಟಳು. ಜಾರಿತು. ಹಂಪಮ್ಮ ಎತ್ತಿಕೊಟ್ಟಳು. ಮತ್ತೆ ಜಾರಿತು. ಹಿಡಿಯಲು ಮುಂದೆ ಬಂದ ಮಗಳನ್ನು ಕಣ್ಣಿನಿಂದಲೇ ದೂರ ಇರಿಸಿದ. ಪಕ್ಕಡಿನ ಹಿಡಿಗಳನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಆ ಕೈಗಳನ್ನು ಎರಡೂ ಮೊಣಕಾಲುಗಳ ನಡುವೆ ಸಿಕ್ಕಿಸಿ, ಬೆರಳಿನ ಆಸೆ ಬಿಟ್ಟು ತೊಡೆಯ ಬಲದಿಂದ ಒತ್ತಿದ. ಕುತ್ತಿಗೆಯ ನರ ಉಬ್ಬಿತು. ಟೋಪಿ ಒಂದು ಪಕ್ಕಕ್ಕೆ ಸೊಟ್ಟಗೆ ಚಪ್ಪಟೆಯಾಯಿತು.

"ಕುಂತೈತೇನು ನೋಡು."

ಪವಿ ಮುಟ್ಟಿ ನೋಡಿದಳು. "ಕುಂತೈತಪ್ಪಾ."

ಪಟ್ಟಿ ಸುತ್ತಿ ತುದಿಗೆ ಸೊಲ್ಯೂಷನ್ ಹಚ್ಚಿದ್ದೂ ಅವನು ಹೇಳಿದಂತೆಯೇ. ಅದೇ ವಾಸನೆ ನಿನ್ನೆ ಬಂದದ್ದು.

ಓಟದ ದಿನ ಹಂಪಮ್ಮನ ಅಣ್ಣ ತನ್ನ ಟೆಂಪೋ ತಂದ. ವೀರೇಶನ ಕುರ್ಚಿಯನ್ನು ತೆಕ್ಕಲಕೋಟೆಯ ಆಚೆ, ಪವಿ ಗದ್ದೆಗೆ ಬಿದ್ದ ಜಾಗದಲ್ಲೇ, ರಸ್ತೆಯ ಬದಿಗೆ ಇಳಿಸಿದೆವು. ಅಷ್ಟರಲ್ಲಿ ಅವನ ನಾಲಿಗೆ ತೊಡರುತ್ತಿತ್ತು. ಭತ್ತ ಹೊಡೆಗೆ ಬಂದಿತ್ತು, ಗಾಳಿ ಅದರ ಮೇಲೆ ಅಲೆಯಂತೆ ಬರುತ್ತಿತ್ತು. ಒಬ್ಬಳು ಹೋದಳು, ಇನ್ನೊಬ್ಬಳು ಹೋದಳು. ದೂರದಲ್ಲಿ ನಮ್ಮವಳು ಕಂಡಳು. ಬೋರಲಾಗಿ, ಕೈ ಚಾಚಿ, ತಲೆ ತಗ್ಗಿಸಿ, ಬಸವಣ್ಣನ ಮುಂದೆ ಅಡ್ಡಬಿದ್ದ ಹಾಗೆ. ಬೆನ್ನಿನ ಉಡಿಯಲ್ಲಿ ಉತ್ತತ್ತಿ ಉಬ್ಬಿತ್ತು. ಗಾಳಿ ಬಂತು.

ಟಕ್.

"ಬಿತ್ತು" ಎಂದ ವೀರೇಶ. ಗೇರು ಬಿತ್ತು ಎಂದು. ಹತ್ತಿರ ಬಂದಳು. ಟಕ್. "ಬಿತ್ತು." ನಮ್ಮ ಮುಂದೆ ಹಾದುಹೋದಳು, ಯಾರನ್ನೂ ನೋಡಲಿಲ್ಲ, ನೋಡಬಾರದು ಎಂದು ಅಪ್ಪನೇ ಹೇಳಿದ್ದ. ಟಕ್. ಅವನು ಮಗಳ ಬೆನ್ನನ್ನು ಕಾಣುವ ತನಕ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಮಾತು ಒಡೆದು ಒಡೆದು ಬಂತು.

"ಕೈ ಎತ್ತಲಿಲ್ಲ ನೋಡವ್ವಾ."

ಅವಳು ಆಯ್ಕೆಯಾದಳು, ಜಿಲ್ಲೆಯ ತಂಡಕ್ಕೆ. ಆ ಚಳಿಗಾಲದಲ್ಲಿ ಅವನ ಮಾತು ಪೂರ್ತಿ ನಿಂತಿತು. ಮಾಘದಲ್ಲಿ ಉಸಿರು ನಿಂತಿತು. ಕುರುಗೋಡು ನಮ್ಮ ಮೂಲ. ಅಲ್ಲಿಯ ಬಂಡೆಗುಡ್ಡದ ಕೆಳಗೆ, ನಮ್ಮ ಹೊಲದಲ್ಲಿ, ಅವರಪ್ಪನ ಪಕ್ಕದಲ್ಲಿ ಅವನನ್ನು ಮಣ್ಣು ಮಾಡಿದೆವು. ಕೂರಿಸಿ ಹೂಳುವುದು ನಮ್ಮ ಪದ್ಧತಿ. ಕೈಗಳನ್ನು ತೊಡೆಯ ಮೇಲೆ ಜೋಡಿಸುವಾಗ ಅವು ಎಷ್ಟು ಹಗುರ ಆಗಿದ್ದವೆಂದರೆ, ಹೆತ್ತವಳು ನಾನು, ಅವನು ಹುಟ್ಟಿದ ದಿನದ ಕೈಗಳು ನೆನಪಾದವು. ಹೆಚ್ಚು ಬರೆಯಲಾರೆ.

ಅಂಗಡಿಯ ಬಾಗಿಲು ಮುಚ್ಚಿತು. ಸೈಕಲ್ಲು ಗೋಡೆಗೆ ಆನಿಕೊಂಡೇ ಇತ್ತು. ಯುಗಾದಿ ಕಳೆದು ಒಂದು ದಿನ ಪವಿ ಯಾರಿಗೂ ಹೇಳದೆ ಅದನ್ನು ಹತ್ತಿ ಕುರುಗೋಡಿಗೆ ಹೋಗಿ ಬಂದಳು. ಬಿಸಿಲಿಗೆ ಮುಖ ಕೆಂಡವಾಗಿತ್ತು. ಎಲ್ಲಿಗೆ ಹೋಗಿದ್ದೆ ಎಂದರೆ, "ಅಪ್ಪನ ಮುಂದ ಹ್ಯಾಂಡಲ್ಲು ಅಲುಗಿಸಿ ಕಾಳು ಕೇಳಿಸಿ ಬಂದೆ ಅಜ್ಜೀ" ಎಂದಳು. ಅಂದಿನಿಂದ ಮತ್ತೆ ನಿಲ್ಲಿಸಲಿಲ್ಲ.

ಅದರ ಮುಂದಿನ ಮಹಾನವಮಿಗೆ ಪಕ್ಕದ ಮನೆಯವರು ಮಗಳಿಗೆ ಉಡಿ ತುಂಬುವಾಗ ಹಂಪಮ್ಮ ಬಂದು ಬಾಗಿಲ ಹಿಂದೆ ನನ್ನ ಪಕ್ಕ ನಿಂತಳು. ಹೋಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಆ ಸಂದಿನಲ್ಲಿ ಇಬ್ಬರಿಗೆ ಜಾಗವಿತ್ತು.

ಈಗ ನಿನ್ನೆಯ ಮಾತು. ಸಂಜೆಯ ರೈಲಿಗೆ ಪವಿ ಹೊರಡುವವಳು. ಅಷ್ಟರಲ್ಲಿ ಸವೆದ ವೈರು ಬದಲಿಸಬೇಕು. ನಾನು ಅಕ್ಕಿ ಆರಿಸುತ್ತಿದ್ದದ್ದು ಉಡಿಗೇ. ತುಂಬಲು ಪಕ್ಕದ ಮನೆಯ ಮುತ್ತೈದೆಗೆ ಹೇಳಿ ಬಂದಿದ್ದೆ.

ಪವಿ ಪಟ್ಟಿ ಬಿಚ್ಚಿ, ಹಿಂದಿನ ಗಾಲಿಯ ಹತ್ತಿರ ಬಂದು ಕೂತು, ಹಾಗೇ ಕೈ ತಡೆದಳು. ವೈರು ತೆಗೆಯಬೇಕೆಂದರೆ ಟೋಪಿ ಕೀಳಬೇಕು. ಸೊಟ್ಟ ಟೋಪಿ. ಪಕ್ಕಡು ಹಿಡಿದಳು, ಕೆಳಗಿಟ್ಟಳು. ಕೊನೆಗೆ ಉಗುರಿನಿಂದ ಮೆಲ್ಲಗೆ ಎಳೆದಳು. ಬಂದೇಬಿಟ್ಟಿತು. ಅವನು ಒತ್ತಿದ್ದ ಬಲ ಅಷ್ಟೇ. ಇಷ್ಟು ವರ್ಷ, ಇಷ್ಟು ರಸ್ತೆ, ಅಷ್ಟೇ ಬಲದ ಮೇಲೆ ಅದು ನಿಂತಿತ್ತು.

ಒಳವೈರು ಎಳೆದಳು, ಲಿವರು ಬಿಚ್ಚಿದಳು. ಔಟರ್ ಕೀಳುವ ಮೊದಲು, "ಅಜ್ಜೀ, ದಾರ" ಎಂದಳು. ಹಳೆಯದರ ತುದಿಗೆ ಹೊಸದರ ತುದಿಯನ್ನು ನನ್ನ ಹಳದಿ ದಾರದಿಂದ ಬಿಗಿದು ಹಿಂದಿನಿಂದ ಎಳೆದಳು. ಹಳೆಯದು ಹೊರಗೆ ಬರುತ್ತ ಬರುತ್ತ ಹೊಸದನ್ನು ಕೈ ಹಿಡಿದು ಒಳಗೆ ಕರೆದುಕೊಂಡಿತು. ಅದು ಪೂರ್ತಿ ಬರುವಾಗ ಅವಳ ಮಡಿಲಿಗೆ ಏನೋ ಬಿತ್ತು. ಗ್ರೀಸಿನಿಂದ ಕಪ್ಪಾದ ಒಂದು ಅಕ್ಕಿ ಕಾಳು.

ಹಂಪಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಸೆರಗಿನ ತುದಿಯಿಂದ ಒರೆಸಲು ಹೋಗಿ ಬೇಡವೆಂದು ಬಿಟ್ಟಳು.

ಪವಿ ಎದ್ದಳು, ಕೈ ತೊಳೆದಳು, ಅಂಗಿ ಬದಲಿಸಿ ಬಂದು ಬೆನ್ನು ತಿರುಗಿಸಿ ನಿಂತಳು. "ತುಂಬ್ರಿ."

"ತಡೀ, ಪಕ್ಕದ ಮನಿ ಅಕ್ಕ ಬರ್ಲಿ" ಎನ್ನುತ್ತ ಹಂಪಮ್ಮ ಆಗಲೇ ಬಾಗಿಲ ಹಿಂದೆ ಸರಿಯುತ್ತಿದ್ದಳು.

"ಯಾರೂ ಬರೂದು ಬ್ಯಾಡ" ಎಂದಳು ಹುಡುಗಿ, ತಿರುಗದೆ. "ಅಂದು ತುಂಬಿದಾಕಿನ ತುಂಬ್ಲಿ. ಇಲ್ಲಾಂದ್ರ ಹಂಗ ಹೋಗ್ತೀನಿ."

ನಾನು ಮೊರ ಎತ್ತಿಕೊಂಡೆ. ಇನ್ನೊಂದು ಕೈಯಿಂದ ಸೊಸೆಯ ತೋಳು ಹಿಡಿದು ಬಾಗಿಲ ಸಂದಿನಿಂದ ಈಚೆಗೆ ಎಳೆದೆ. "ಬಾರಬೇ ಹೊರಗ. ನಾನೂ ಬರ್ತೀನಿ. ಅಲ್ಲಿ ನಿಂತು ನಿಂತು ಕಾಲು ನೊಂದಾವು."

"ಅತ್ತೀ, ಮಂದಿ..."

"ಮಂದಿ ಸೈಕಲ್ ತುಳಿತಾರೇನು?"

ಮೂರು ಜೇಬುಗಳಿಗೂ ನಾವಿಬ್ಬರೂ ತುಂಬಿದೆವು. ನಾನು ಹಾಕಿದ ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಹಂಪಮ್ಮ ಬಾಳೆಹಣ್ಣಿನ ಮೇಲೆ ಉತ್ತತ್ತಿ ಇಟ್ಟು, ಜೇಬಿನ ಅಂಚು ಸರಿಮಾಡಿ, ಮಗಳ ಬೆನ್ನಿನ ಮೇಲೆ ಹಾಗೇ ಕೈಯಿಟ್ಟು ನಿಂತಳು. ಅಳುತ್ತಿರಲಿಲ್ಲ.

ಪವಿ ಮತ್ತೆ ಸೈಕಲ್ಲಿನ ಮುಂದೆ ಕೂತಳು. ಬಲಗಡೆಯ ಕೊಳವೆಯ ಬಾಯಿ ಇನ್ನೂ ತೆರೆದಿತ್ತು. ಲಿವರು ಕೈಯಲ್ಲಿ ಹಿಡಿದಿದ್ದಳು, ಕೂರಿಸಲಿಲ್ಲ.

"ಅವ್ವಾ, ಆ ಕಾಳು ಎಲ್ಲೈತಿ?"

ಹಂಪಮ್ಮ ಎಡಗೈ ಮುಷ್ಟಿ ಬಿಚ್ಚಿದಳು. ಅಷ್ಟೂ ಹೊತ್ತು ಅದನ್ನು ಅಲ್ಲೇ ಹಿಡಿದುಕೊಂಡಿದ್ದಳು.

"ಹಾಕು."

"ಅಂದು ಬೈದಿದ್ದೆಲ್ಲ ನೀ ನನಗ?"

"ಹಾಕವ್ವಾ."

ಹಂಪಮ್ಮ ಬಗ್ಗಿ, ಹೊಸ ವೈರಿನ ಪಕ್ಕದಿಂದ, ಕಾಳನ್ನು ಕೊಳವೆಯೊಳಗೆ ಬಿಟ್ಟಳು. ಒಳಗೆ ಎಲ್ಲೋ ಕಿಲ್ ಎಂದಿತು. ನಾವು ಮೂವರೂ ಕಿವಿಗೊಟ್ಟೆವು.

"ಬಿತ್ತು" ಎಂದಳು ಹಂಪಮ್ಮ.